ಮಲಗುವ ಹೊತ್ತಿನ ಪುಸ್ತಕ

“ಅಜ್ಜನವರೇ, ಒಂದು ಮಗುವಿಗೆ ಒಂದೇ ಮಾತನ್ನು ಎಷ್ಟು ಸಲ ಹೇಳಬೇಕು?” ಎಂದು ಶಿಷ್ಯ ಮಠದ ಗುರುಗಳನ್ನು ಕೇಳಿದ.

ಮಠದಲ್ಲಿ ಉಳಿದು ಓದುವ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವನದು. ಕೈಕಾಲು ತೊಳೆಯಿರಿ, ಹಾಸಿಗೆ ಬಿಡಿಸಿರಿ, ಮಲಗಿರಿ ಎಂದು ಮೂರು ವರ್ಷದಿಂದ ಹೇಳುತ್ತ ಬಂದಿದ್ದ. ಚಿತ್ರ ಬರೆದು ಗೋಡೆಗೆ ಅಂಟಿಸಿಯೂ ಆಗಿತ್ತು. ಈಗ ಅವನ ದನಿ ಒಡೆದಿತ್ತು.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನ ಹೆಂಡತಿ ಎರಡು ದಿನದ ಜ್ವರದಲ್ಲಿ ತೀರಿಕೊಂಡಳು. ನಾಲ್ಕು ವರ್ಷದ ಮಗಳು ಉಳಿದಳು. ಹೆಸರು ನಿಂಬೆವ್ವ. ಮಣ್ಣು ಮಾಡಿ ಬಂದ ಮೇಲೆ ಊರವರು ತಮ್ಮ ತಮ್ಮ ಮನೆಗೆ ಹೋದರು. ದರ್ಜಿ ಮೂರನೆಯ ದಿನ ಅಂಗಡಿ ತೆರೆದ. ಮದುವೆಯ ಕಾಲ, ಒಪ್ಪಿಕೊಂಡ ಬಟ್ಟೆಗಳು ಬಿದ್ದಿದ್ದವು. ಅಳುವುದಕ್ಕೆ ಅವನಿಗೆ ಪುರಸೊತ್ತು ಸಿಗಲಿಲ್ಲ.

ಅಂದಿನಿಂದ ಮಗಳು ರಾತ್ರಿ ಮಲಗಲಿಲ್ಲ. ಹಗಲು ಅಂಗಡಿಯಲ್ಲಿ ಹೊಲಿಗೆ ಮಿಷನ್ನು ಓಡುತ್ತಿದ್ದರೆ ಬಟ್ಟೆಯ ಗಂಟಿನ ಮೇಲೆ ಒರಗಿ ನಿದ್ದೆ ಹೋಗುತ್ತಿದ್ದಳು. ಮಿಷನ್ನು ನಿಂತರೆ ಕಣ್ಣು ಬಿಡುತ್ತಿದ್ದಳು. ರಾತ್ರಿಯಾದರೆ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ದರ್ಜಿ ರಮಿಸಿದ. ಬೆಲ್ಲ ಕೊಟ್ಟ. ಗದರಿಸಿದ. ಗುಮ್ಮ ಬರುತ್ತಾನೆ ಎಂದು ಹೆದರಿಸಿದ. ಅವಳು ಕೂತೇ ಇರುತ್ತಿದ್ದಳು. ಅವಳು ಕೂತಿರುವಾಗ ಅವನಾದರೂ ಹೇಗೆ ಮಲಗಿಯಾನು? ಕೋಳಿ ಕೂಗುವ ಹೊತ್ತಿಗೆ ಅವಳ ತಲೆ ವಾಲುತ್ತಿತ್ತು. ಆಗ ಅವನು ಒಂದು ಗಳಿಗೆ ಅಡ್ಡಾಗುತ್ತಿದ್ದ. ಮತ್ತೆ ಎದ್ದು ಅಂಗಡಿಗೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ತೂಕಡಿಸಿದ. ಮಿಷನ್ನಿನ ಸೂಜಿ ಬೆರಳಿನ ಉಗುರಿನಲ್ಲಿ ಇಳಿಯಿತು. ಯಾರದೋ ಮದುವೆಯ ಕುಪ್ಪಸಕ್ಕೆ ರಕ್ತ ಹತ್ತಿತು.

ರವಿಕೆ ಹೊಲಿಸಲು ಬಂದಿದ್ದ ಅಂಗನವಾಡಿಯ ಅಕ್ಕೋರು ಅವನ ಬೆರಳಿಗೆ ಬಟ್ಟೆ ಕಟ್ಟಿದರು. ಸಂಗತಿ ಕೇಳಿ ತಿಳಿದುಕೊಂಡರು. ಮರುದಿನ ಒಂದು ಪುಸ್ತಕ ತಂದು ತೋರಿಸಿದರು. ಅದರ ಚಿತ್ರಗಳಿಗೆ ಮುಚ್ಚಳಗಳಿದ್ದವು. ಎತ್ತಿದರೆ ಒಳಗೆ ಇನ್ನೊಂದು ಚಿತ್ರ. “ಹೇಳಿದರ ಮಕ್ಕಳು ಕೇಳೂದಿಲ್ಲಣ್ಣ. ಅವರ ಕೈಲೆ ಮಾಡಿಸಬೇಕು” ಎಂದರು.

ದರ್ಜಿ ಆ ಪುಸ್ತಕವನ್ನು ತಿರುವಿ ನೋಡಿ ಹಿಂದಕ್ಕೆ ಕೊಟ್ಟ. ಅಂಗಡಿಯ ಚೂರುಬಟ್ಟೆಗಳನ್ನು ಆರಿಸಿ ಒಂದು ವಾರದಲ್ಲಿ ತಾನೇ ಒಂದು ಪುಸ್ತಕ ಹೊಲಿದ. ಐದು ಪುಟ. ಉದ್ದನೆಯ ದಾರಕ್ಕೆ ಕಟ್ಟಿದ ಒಂದು ಸಣ್ಣ ಬಟ್ಟೆಗೊಂಬೆ, ಎಲ್ಲ ಪುಟಕ್ಕೂ ಒಂದೇ. ಮೊದಲ ಪುಟದಲ್ಲಿ ಕೊಡ. ಅದರ ಬಾಯಿಂದ ನೀಲಿ ಬಟ್ಟೆ ಎಳೆದರೆ ಗೊಂಬೆಯ ಕಾಲು ತೊಳೆದಂತೆ. ಎರಡನೆಯದರಲ್ಲಿ ಊಟದ ತಟ್ಟೆ, ರೊಟ್ಟಿ ಎತ್ತಿದರೆ ಕೆಳಗೆ ಪಲ್ಯ. ಮೂರನೆಯದರಲ್ಲಿ ಗುಂಡಿ ಬಿಚ್ಚಿ ಹಾಕುವ ಅಂಗಿ. ನಾಲ್ಕನೆಯದರಲ್ಲಿ ಹಳದಿ ದೀಪ, ಅದನ್ನು ಮುಚ್ಚಲು ಕರಿ ಬಟ್ಟೆ. ಐದನೆಯದರಲ್ಲಿ ಹಾಸಿಗೆ, ಬಣ್ಣಬಣ್ಣದ ಚೂರುಗಳ ಕೌದಿ. ಗೊಂಬೆಯನ್ನು ಮಲಗಿಸಿ ಕೌದಿ ಹೊದಿಸಬೇಕು. ಅಲ್ಲಿಗೆ ಪುಸ್ತಕ ಮುಗಿಯಿತು.

ಮಗಳು ಕೊಡದ ನೀಲಿ ನೀರು ಎಳೆದಳು. ಅವ್ವ ಹೋದ ಮೇಲೆ ಅಂದೇ ಮೊದಲು ನಕ್ಕಳು. ಹತ್ತು ದಿನದಲ್ಲಿ ತಾನಾಗಿ ಕಾಲು ತೊಳೆಯುವುದನ್ನು ಕಲಿತಳು. ಅಂಗಿಯ ಗುಂಡಿ ಹಾಕುವುದನ್ನು ಕಲಿತಳು. ದೀಪವನ್ನೂ ಆರಿಸಿದಳು. ಆದರೆ ಐದನೆಯ ಪುಟದಲ್ಲಿ ಅವಳ ಕೈ ನಿಲ್ಲುತ್ತಿತ್ತು. ಗೊಂಬೆಯನ್ನು ಮಲಗಿಸುತ್ತಿರಲಿಲ್ಲ. ಪುಟದ ಅಂಚಿಗೆ ಒರಗಿಸಿ ಕೂರಿಸುತ್ತಿದ್ದಳು. ತಾನೂ ಕೂರುತ್ತಿದ್ದಳು.

“ಹೊದಿಸು” ಎಂದು ದರ್ಜಿ ದಿನವೂ ಹೇಳಿದ. ಅವಳು ಹೊದಿಸಲಿಲ್ಲ. ಒಂದು ಸಂಜೆ ಸಿಟ್ಟಿನಲ್ಲಿ ಅವನು ಗೊಂಬೆಯನ್ನು ಕೌದಿಯೊಳಗೆ ಇಟ್ಟು ಸುತ್ತಲೂ ಹೊಲಿಗೆ ಹಾಕಿಬಿಟ್ಟ. ಬೆಳಿಗ್ಗೆ ನೋಡಿದರೆ ಹೊಲಿಗೆ ಬಿಚ್ಚಿತ್ತು. ಅವಳು ಹಲ್ಲಿನಿಂದ ಒಂದೊಂದೇ ದಾರ ಕಡಿದಿದ್ದಳು. ಗೊಂಬೆ ಕೂತಿತ್ತು. ಅವಳ ತುಟಿಗೆ ದಾರದ ಎಳೆ ಅಂಟಿಕೊಂಡಿತ್ತು.

ಹೀಗೆ ಐದು ತಿಂಗಳಾಯಿತು. ದರ್ಜಿಯ ಕಣ್ಣುಗಳು ಗುಳಿಬಿದ್ದವು. ಅಳತೆ ತಪ್ಪತೊಡಗಿತು. ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು.

ಒಂದು ರಾತ್ರಿ ಅವನು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊದಲ ಪುಟ ತೆರೆದ. “ಕಾಲು ತೊಳಿ” ಎಂದ. ಎರಡನೆಯ ಪುಟ ತಿರುವಿದ. ಕೂತಲ್ಲೇ ಕುಸಿದು ಮಲಗಿಬಿಟ್ಟ.

ಎಚ್ಚರವಾದಾಗ ಮಗಳು ಅವನ ಎದೆಯ ಮೇಲೆ ಹತ್ತಿ ಕೂತಿದ್ದಳು. ಎರಡೂ ಕೈಯಿಂದ ಅವನ ರೆಪ್ಪೆಗಳನ್ನು ಎಳೆದು ಬಿಡಿಸುತ್ತಿದ್ದಳು. “ಅಪ್ಪಾ ಏಳು! ಏಳಪ್ಪಾ!” ಎಂದು ಚೀರುತ್ತಿದ್ದಳು.

“ಎದ್ದೀನಿ, ಎದ್ದೀನಿ. ಏನಾತವ್ವಾ?”

“ನೀನೂ ಅವ್ವನ್ಹಂಗ ಮಲಗಿಬಿಟ್ಟಿ ಅಂತ ತಿಳಕೊಂಡಿದ್ದೆ.”

ದರ್ಜಿಗೆ ಹೆಂಡತಿ ಸತ್ತ ದಿನದ ಬೆಳಗು ನೆನಪಾಯಿತು. ಮಗಳು ಬಾಗಿಲಲ್ಲಿ ನಿಂತು, ಅವ್ವ ಯಾಕೆ ಏಳುವುದಿಲ್ಲ ಎಂದು ಕೇಳಿದ್ದಳು. ‘ಅವ್ವ ಮಲಗ್ಯಾಳ’ ಎಂದು ಅವನೇ ಹೇಳಿದ್ದ. ಅಂದಿನಿಂದ ಆ ಮಗು ಪ್ರತಿ ರಾತ್ರಿ ಅಪ್ಪ ಮಲಗದಂತೆ ಕಾಯುತ್ತ ಕೂತಿತ್ತು.

ಅವನು ಅವಳನ್ನು ಮಡಿಲಿಗೆ ಎಳೆದುಕೊಂಡ. “ಅವ್ವ ಮಲಗಿಲ್ಲ, ನಿಂಬಿ. ಅವ್ವ ಸತ್ತಾಳ. ನಾನು ನಿನಗ ಸುಳ್ಳು ಹೇಳಿದೆ. ಮಲಗಿದವರು ಏಳತಾರ. ನೋಡು, ನಾನು ಎದ್ದೀನಿ.”

ಮಗಳು ಅತ್ತಳು. ಅವನೂ ಅತ್ತ. ಬಹಳ ಹೊತ್ತು ಅತ್ತರು.

ಆ ರಾತ್ರಿಯೇ ಅವಳು ಮಲಗಿದಳು ಎಂದು ಹೇಳಿದರೆ ಸುಳ್ಳಾದೀತು. ಮರುದಿನ ದರ್ಜಿ ಪುಸ್ತಕಕ್ಕೆ ಆರನೆಯ ಪುಟ ಹೊಲಿದ. ಅದರಲ್ಲಿ ಒಂದು ಬಾಗಿಲು. ತೆರೆದರೆ ಹೊರಗೆ ಬೆಳಕು, ಹೊಸ್ತಿಲ ಮೇಲೆ ಗೊಂಬೆ ನಿಲ್ಲಲು ಒಂದು ಸಣ್ಣ ಕಿಸೆ. ಮಗಳು ದಿನಾ ಆ ಪುಟದಿಂದಲೇ ಶುರು ಮಾಡುತ್ತಿದ್ದಳು. ಮೊದಲು ಗೊಂಬೆಯನ್ನು ಎಬ್ಬಿಸಿ ಹೊಸ್ತಿಲಲ್ಲಿ ನಿಲ್ಲಿಸುತ್ತಿದ್ದಳು. ಆಮೇಲೆ ಮೊದಲ ಪುಟಕ್ಕೆ ಬಂದು ಅದರ ಕಾಲು ತೊಳೆಯುತ್ತಿದ್ದಳು. ಕೆಲವು ವಾರ ಕಳೆದ ಮೇಲೆ ಒಂದು ದಿನ ತಾನಾಗಿ ಕೌದಿ ಹೊದಿಸಿದಳು. ಅಪ್ಪನ ಎದೆಯ ಮೇಲೆ ಕೈ ಇಟ್ಟುಕೊಂಡೇ ಮಲಗಿದಳು. ದರ್ಜಿ ಬೆಳಗಿನವರೆಗೆ ಹೊರಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಅಜ್ಜನವರೇ, ಎಷ್ಟು ಸಲ ಹೇಳಬೇಕೆಂಬುದಕ್ಕೆ ಉತ್ತರ ಬರಲಿಲ್ಲ” ಎಂದ.

“ಅಪ್ಪ ಐದು ತಿಂಗಳು ಹೇಳಿದ, ಮಗಳು ಹೇಳಿದ್ದು ಒಂದೇ ಸಲ” ಎಂದರು ಗುರುಗಳು.