ಎಡಗಡೆಯ ಸೀಟು

ಸಿಟ್ಟಿನಲ್ಲಿ ಬಂದವರು ಕೂರುವ ತನಕ ಗುರುಗಳು ತಾವೂ ಕೂರುತ್ತಿರಲಿಲ್ಲ. ಅದು ಅವರ ಅಭ್ಯಾಸ. ಆ ದಿನ ಬಂದ ಶಿಷ್ಯ ಕೂರಲೇ ಇಲ್ಲ. ನಿಂತೇ ಕೇಳಿದ:

“ಗುರುಗಳೇ, ನನ್ನ ಹೆಂಡತಿಗೆ ಮೂಗಿನ ತುದಿಯಲ್ಲೇ ಕೋಪ. ಬೆಳಗಾದರೆ ಕಿರುಚಾಟ. ಅವಳನ್ನು ಸುಮ್ಮನಾಗಿಸುವ ಒಂದು ಮಂತ್ರ ಕೊಡಿ.”

“ಕೋಪ ಯಾಕಂತೆ?”

“ಅದನ್ನೆಲ್ಲ ಕೇಳ್ತಾ ಕೂತರೆ ಮುಗೀತು.”

ಗುರುಗಳು ಒಂದು ಕಥೆ ಹೇಳಿದರು:

ಒಬ್ಬ ವ್ಯಾಪಾರಿ ಹಳೆಯ ಕಾಲದ ಮಾದರಿಯ ಸ್ಪೋರ್ಟ್ಸ್ ಕಾರು ಕೊಂಡ. ಎರಡೇ ಸೀಟು. ನೆಲಕ್ಕೆ ಅಂಟಿದ ಹಾಗೆ ಓಡುತ್ತಿತ್ತು. ಬಲಗಡೆ ಅವನು ಸ್ಟೀರಿಂಗ್ ಹಿಡಿಯುತ್ತಿದ್ದ, ಎಡಗಡೆ ಹೆಂಡತಿ ಕೂರುತ್ತಿದ್ದಳು. ಇಂಜಿನ್ನಿನ ಹೊಗೆಕೊಳವೆ ಅವಳ ಕಾಲ ಕೆಳಗೇ ಹಾದುಹೋಗಿತ್ತು.

“ಕಾಲು ಸುಡುತ್ತಿದೆ,” ಎಂದಳು ಅವಳು, ಮೆಲ್ಲಗೆ. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದಳು. ಕೊನೆಗೆ ಕಿರುಚಿದಳು.

“ಕಿವಿತಮಟೆ ಹರಿಯೋ ಹಾಗೆ ಯಾಕೆ ಕೂಗ್ತೀಯ?” ಎಂದ.

ಕಾರನ್ನು ಗ್ಯಾರೇಜಿಗೆ ಒಯ್ದ. ಮೆಕ್ಯಾನಿಕ್ ಕಾರಿನ ಕೆಳಗೆ ನುಸುಳಿ ನೋಡಿದ. “ಸದ್ದಿಗೆ ಒಳಗೆಲ್ಲ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿದರಾಯ್ತು. ಬಿಸಿಗೆ ಅದು ಸಾಲದು, ಸ್ವಾಮಿ. ಕೊಳವೆಗೂ ಕಾರಿನ ತಳಕ್ಕೂ ನಡುವೆ ತಗಡು ಕೂರಿಸಬೇಕು, ಗಾಳಿಯಾಡೋಕೆ ಸಂದು ಬಿಡಬೇಕು. ಆಗ ಕೊಳವೆ ಕೆಳಗಿಳಿಯುತ್ತೆ, ಅದಕ್ಕೆ ಕಾರನ್ನು ಸ್ವಲ್ಪ ಎತ್ತರಿಸಬೇಕಾಗುತ್ತೆ.”

“ಎತ್ತರವಾದರೆ ಜೀಪಿನ ಹಾಗೆ ಕಾಣುತ್ತೆ. ಸದ್ದು ಅಡಗಿಸು, ಸಾಕು.”

ಬಾಗಿಲಿಗೆ, ಸೀಟಿನ ಹಿಂದೆ, ಬಾನೆಟ್ಟಿನ ಒಳಗೆ ಫೆಲ್ಟ್ ಬಂತು. ಕಾರು ದೇವರ ಕೋಣೆಯಷ್ಟು ನಿಶ್ಶಬ್ದವಾಯಿತು.

“ಈಗ ಹೇಗಿದೆ?” ಎಂದು ವ್ಯಾಪಾರಿ ಕೇಳಿದ.

“ಸುಡುತ್ತಿದೆ.”

“ನೋಡು, ಈಗ ಕಿರುಚದೇ ಹೇಳಿದೆ. ಎಷ್ಟು ಚೆನ್ನಾಗಿದೆ.”

ಮರುದಿನ ಅವಳು ತಾನೇ ಕೀಲಿ ತೆಗೆದುಕೊಂಡು ಬಲಗಡೆ ಕೂತಳು. “ಇವತ್ತು ಅಮ್ಮಾವ್ರ ಸವಾರಿ,” ಎಂದು ನಗುತ್ತಾ ಅವನು ಎಡಗಡೆ ಹತ್ತಿದ. ಊರು ದಾಟುವ ಮೊದಲೇ ನಗು ನಿಂತಿತು. ಎರಡೂ ಕಾಲು ಎತ್ತಿ ಸೀಟಿನ ಮೇಲಿಟ್ಟುಕೊಂಡ.

“ನಿಲ್ಲಿಸು,” ಎಂದ.

ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಗೇರ್ ಬದಲಿಸಿ ವೇಗ ಹೆಚ್ಚಿಸಿದಳು.

ಗುರುಗಳು ಕಥೆಯನ್ನು ಅಷ್ಟಕ್ಕೇ ನಿಲ್ಲಿಸಿದರು.

“ಆಮೇಲೆ? ಕಾರು ನಿಲ್ಲಿಸಿದಳೇ?” ಎಂದು ಶಿಷ್ಯ ಕೇಳಿದ.

“ಅದು ಇರಲಿ. ನಿನ್ನ ಹೆಂಡತಿ ಕಿರುಚುವ ಮೊದಲು ಮೆಲ್ಲಗೆ ಏನು ಹೇಳಿದ್ದಳು, ಅದನ್ನು ಹೇಳು.”