ಓಗುಡ್ಡಕ್ಕೆ ಆ ಹೆಸರು ಬಂದದ್ದು

ಕೋಡಿಬೇಲೆಯ ದಂಡೆಯಿಂದ ಹಾಯಿದೋಣಿಯಲ್ಲಿ ಪಡುವಣಕ್ಕೆ ಹೊರಟವರಿಗೆ ಬಿಸಿಲೇರುವ ಹೊತ್ತಿಗೆ ಒಂದು ನಡುಗಡ್ಡೆ ಎದುರಾಗುತ್ತದೆ. ನೆತ್ತಿಯಲ್ಲಿ ನಾಲ್ಕಾರು ತೆಂಗು, ಇಳಿಜಾರಿನಲ್ಲಿ ಕೇದಿಗೆಯ ಪೊದೆ, ಬುಡದಲ್ಲಿ ಚಿಪ್ಪಿ ಮೆತ್ತಿದ ಕರಿಬಂಡೆ. ಸರಕಾರದ ನಕಾಶೆಯಲ್ಲಿ ಅದಕ್ಕೆ ಬೇರೇನೋ ಹೆಸರಿದೆ; ನಕಾಶೆ ಬರೆದವರು ಅಲ್ಲಿ ಇಳಿದಿರಲಿಕ್ಕಿಲ್ಲ. ನಮ್ಮ ಕಡೆಯವರಿಗೆ ಅದು ಓಗುಡ್ಡ. ಗೆಳೆಯರನ್ನು ಕಟ್ಟಿಕೊಂಡು ಬಂದು, ಬುತ್ತಿ ಬಿಚ್ಚಿ ಉಂಡು, ಫೋಟೋ ತೆಗೆದುಕೊಂಡು ಹೋಗುವವರಿಗೆ ಈ ಹೆಸರು ನಗು ತರಿಸುತ್ತದೆ. ನಗಲಿ, ಆದರೆ ಕತೆ ಕೇಳಿಕೊಂಡು ನಗಲಿ.

ಹಿಂದೆ ಒಮ್ಮೆ, ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆಯುವ ಮುನ್ನ, ಕೋಡಿಬೇಲೆಯ ನಾಲ್ವರು ಗೆಳೆಯರು ಚಿಪ್ಪಿ ಕೀಳುವ ನೆಪದಲ್ಲಿ ಅಲ್ಲಿಗೆ ಹೋದರಂತೆ. ಚುಕ್ಕಾಣಿ ಹಿಡಿದವನು ಜಟ್ಟಿ. ಜೊತೆಗೆ ಕುಪ್ಪ, ಹೊನ್ನ, ಮತ್ತು ಹೊನ್ನನ ತಂಗಿಯನ್ನು ಆ ಬೇಸಗೆಯಲ್ಲಷ್ಟೇ ಮದುವೆಯಾಗಿದ್ದ ಈರ. ಕಡಲಿನಲ್ಲಿ ಮನುಷ್ಯರ ಹೆಸರು ಹೇಳಬಾರದು, ಹೇಳಿದರೆ ಕಡಲು ಅವರನ್ನು ಕರೆದುಕೊಳ್ಳುತ್ತದೆ ಎಂಬುದು ಆಗಿನ ಕಟ್ಟಳೆ. ಹೀಗಾಗಿ ಲಂಗರು ಎತ್ತುವಾಗ ಚುಕ್ಕಾಣಿಯವನು ಎಲ್ಲರೂ ಬಂದರೇ ಎಂದು ಕೇಳುತ್ತಿದ್ದ, ಒಬ್ಬೊಬ್ಬರೂ 'ಓ' ಎನ್ನುತ್ತಿದ್ದರು, ಅವನು ದನಿಗಳನ್ನು ಎಣಿಸಿಕೊಂಡು ಹೊರಡುತ್ತಿದ್ದ. ಹೊನ್ನನಿಗೋ ಕಂಡವರ ದನಿಯನ್ನೆಲ್ಲ ಅಣಕಿಸುವ ಚಪಲ.

ಇಳಿಹೊತ್ತಿಗೆ ಗಾಳಿ ತಿರುಗಿ ಮುಗಿಲು ಕಪ್ಪಾಯಿತು. ಅವಸರದಲ್ಲಿ ದೋಣಿ ಹತ್ತಿ ಹಾಯಿ ಏರಿಸಿದರು. ಜಟ್ಟಿ ಕೇಳಿದಾಗ ಹಾಯಿಯ ಮುಂದಿನಿಂದ ಕುಪ್ಪ ಓ ಎಂದ, ಹೊನ್ನನೂ ಓ ಎಂದ. ಈರ ಹಾಯಿಯ ಹಿಂದೆ ಜಟ್ಟಿಯ ಬಳಿ ಕೂತು ಎಂದಿನಂತೆ ಸೋಮಾರಿತನ ಮಾಡುತ್ತಿದ್ದಾನೆ ಎಂದುಕೊಂಡು ಹೊನ್ನ ಅವನ ದನಿಯಲ್ಲೂ ಓ ಎಂದುಬಿಟ್ಟ. ಜಟ್ಟಿ ಮೂರು ದನಿ ಎಣಿಸಿ ಲಂಗರು ಎತ್ತಿದ. ಈರ ಹೆಂಡತಿಗೆಂದು ಕೇದಿಗೆ ಕೊಯ್ಯಲು ಗುಡ್ಡದ ಆಚೆ ಮಗ್ಗುಲಿಗೆ ಹೋಗಿದ್ದ.

ಗಾಳಿ ಜೋರಾಗಿ ಹಾಯಿ ಇಳಿಸಿದಾಗಲೇ ನಾಲ್ಕನೆಯವನಿಲ್ಲದ್ದು ಕಂಡಿತು. ಹೊನ್ನ ನಡೆದದ್ದನ್ನು ಹೇಳಿದ. ಯಾರೂ ಬೈಯಲಿಲ್ಲ, ಬೈಯಲು ಹೊತ್ತಿರಲಿಲ್ಲ. ಮಳೆ ಹಿಡಿದರೆ ತಿಂಗಳುಗಟ್ಟಲೆ ಯಾವ ದೋಣಿಯೂ ಅತ್ತ ಹೋಗುವಂತಿರಲಿಲ್ಲ. ಹುಟ್ಟು ಹಾಕಿ ಮರಳುವಷ್ಟರಲ್ಲಿ ಕತ್ತಲು ಕವಿದಿತ್ತು, ಈರ ಯಾವ ಬಂಡೆಯ ಮೇಲಿದ್ದಾನೋ ತಿಳಿಯದು. ದೋಣಿ ಹೋದದ್ದನ್ನು ಕಂಡು ಅವನು ಅಂಚಿನ ಬಂಡೆಗೆ ಓಡಿ ಬಂದಿದ್ದ, ಉಬ್ಬರದ ನೀರು ಹಿಂದಿನ ದಾರಿಯನ್ನು ಮುಚ್ಚಿತ್ತು. ಮೂವರೂ ಹೆಸರೆತ್ತದೆ ಗಂಟಲು ಹರಿಯುವಂತೆ ಕೂಗಿದರು. ಉತ್ತರವಿಲ್ಲ. ಕತ್ತಲಲ್ಲಿ ಕಡಲಿನಿಂದ ಹೆಸರಿಲ್ಲದ ಕೂಗು ಬಂದರೆ ಅದು ಮುಳುಗಿದವರದು, ಅದಕ್ಕೆ ಓಗೊಡಬಾರದು ಎಂಬುದೂ ಕಟ್ಟಳೆಯೇ. ಈರ ಕೇಳಿಸಿಕೊಂಡೂ ತುಟಿ ಕಚ್ಚಿ ನಿಂತಿದ್ದನಂತೆ.

ಹೊನ್ನ ದೋಣಿಯ ಮೂತಿಯ ಮೇಲೆ ಎದ್ದು ನಿಂತ. ಅವನು ಏನು ಮಾಡಲಿದ್ದಾನೆಂದು ಜಟ್ಟಿಗೆ ತಿಳಿಯಿತು.

"ಹೆಸ್ರು ಹೇಳ್ಬೇಡ ಮಾರಾಯ, ಕಡಲು ಕೇಳ್ತದೆ."

"ಕೇಳ್ಲಿ," ಎಂದ ಹೊನ್ನ. ಮತ್ತೆ ಗುಡ್ಡದತ್ತ ತನ್ನ ಸ್ವಂತ ದನಿಯಲ್ಲಿ ಕೂಗಿದ. "ಈರಾ, ನಾ ಹೊನ್ನ. ಈ ಸಲ ನೀನೇ ಓ ಅನ್ನು."

ತೀರ ಹತ್ತಿರದಿಂದಲೇ 'ಓ' ಕೇಳಿಸಿತು. ಹೊನ್ನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರಿ, ಬಂಡೆ ಹತ್ತಿ, ಅದೇ ಹಗ್ಗವನ್ನು ಬಿಚ್ಚಿ ಈರನಿಗೆ ಬಿಗಿದ. ಕುಪ್ಪ ಈರನನ್ನು ಎಳೆದುಕೊಂಡು ಮರಳಿ ಹಗ್ಗ ಎಸೆದಾಗ ಬಂಡೆಯ ಮೇಲೆ ಯಾರೂ ಇರಲಿಲ್ಲ. ಹೇಳಿದ ಎರಡು ಹೆಸರಿನಲ್ಲಿ ಕಡಲು ಒಂದನ್ನು ಆರಿಸಿಕೊಂಡಿತು ಎನ್ನುತ್ತಾರೆ. ಕಡಲಿಗೆ ಹೆಸರು ತಿಳಿಯುತ್ತದೆಂದು ನಾನು ನಂಬುವವನಲ್ಲ. ಆದರೂ ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಂದಿನಿಂದ ಕಟ್ಟಳೆ ತಿರುಗಿತು. ಈಗ ಓಗುಡ್ಡದಿಂದ ಹೊರಡುವ ಮುನ್ನ ದೋಣಿಯವರು ಬಂದವರನ್ನೆಲ್ಲ ಹೆಸರು ಹಿಡಿದು ಕೂಗುತ್ತಾರೆ. ಅವರವರೇ ಓ ಎನ್ನಬೇಕು, ಒಬ್ಬರಿಗಾಗಿ ಇನ್ನೊಬ್ಬರು ಎನ್ನುವಂತಿಲ್ಲ. ಪೇಟೆಯ ಹುಡುಗರು ಕಿಸಕ್ಕನೆ ನಗುತ್ತಾ ಓಗೊಡುತ್ತಾರೆ. ಎಲ್ಲರದೂ ಮುಗಿದ ಮೇಲೆ ದೋಣಿಯವನು ಬಂಡೆಯತ್ತ ತಿರುಗಿ ಹೊನ್ನನ ಹೆಸರನ್ನೂ ಕೂಗಿ, ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಲಂಗರು ಎತ್ತುತ್ತಾರೆ.