ತಾಳು, ಬೋಣಿಯಾಗಲಿ

ಶಿಷ್ಯ ಬಂದು ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ನನ್ನನ್ನು ಎತ್ತಿ ಆಡಿಸಿ ಸಾಕಿದ ಅಕ್ಕ ತೀರಿಹೋದಳು. ಮಣ್ಣು ಮಾಡಿ ಬಂದೆ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ನನಗೆ ವೈರಾಗ್ಯ ಸಿದ್ಧಿಸಿತೆಂದು ತಿಳಿಯಲೇ?"

ಗುರುಗಳು "ಒಂದು ಕತೆ ಹೇಳುತ್ತೇನೆ. ಹೊಟ್ಟೆಯ ಕತೆ, ಮೂಗು ಮುರಿಯಬೇಡ," ಎಂದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಹೊತ್ತು ಹುಟ್ಟುತ್ತಲೇ ಅಂಗಡಿ ತೆರೆದು ಗಾದಿಯ ಮೇಲೆ ಕೂರುತ್ತಿದ್ದ. ಬೋಣಿಯಾಗುವ ಮುನ್ನ, ಎಂದರೆ ದಿನದ ಮೊದಲ ವ್ಯಾಪಾರ ಕುದುರುವ ಮುನ್ನ, ಗಾದಿ ಬಿಟ್ಟು ಎದ್ದರೆ ಲಕ್ಷ್ಮಿಯೂ ಎದ್ದು ಹೋಗುತ್ತಾಳೆಂಬುದು ಅವನ ಮನೆತನದ ನಂಬಿಕೆ. ಬಯಲಿಗೆ ಹೋಗೆಂದು ಹೊಟ್ಟೆ ಕರೆಯುತ್ತಿದ್ದುದೂ ಅದೇ ಹೊತ್ತಿಗೆ. ಅವನು ಹೊಟ್ಟೆಗೆ ಹೇಳುತ್ತಿದ್ದ: "ತಾಳು, ಬೋಣಿಯಾಗಲಿ." ಬೋಣಿಯಾದ ಮೇಲೆ ಗಿರಾಕಿಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಪಾಪ, ಹೊಟ್ಟೆ ಕಾದು ಕಾದು ಸುಮ್ಮನಾಗುತ್ತಿತ್ತು.

ಬರಬರುತ್ತ ಹೊಟ್ಟೆ ಕಟ್ಟಿಕೊಂಡಿತು. ಹರಳೆಣ್ಣೆ ಕುಡಿದ, ಸಲೀಸಾಯಿತು. ಕೆಲಕಾಲದ ಮೇಲೆ ಹರಳೆಣ್ಣೆಗೆ ಹೊಟ್ಟೆ ಜಗ್ಗಲಿಲ್ಲ. ವ್ಯಾಪಾರಕ್ಕೆಂದು ಮರಳುಗಾಡಿನ ದೇಶಕ್ಕೆ ಹೋದಾಗ ಅಲ್ಲಿಯವರು ಸೋನಾಮುಖಿ ಎಲೆಯ ಕಷಾಯ ಕೊಟ್ಟರು. ಕಡಲಾಚೆಯ ದೇಶದಲ್ಲಿ ಒಣಹಣ್ಣು ನೆನೆಸಿದ ನೀರು ಕೊಟ್ಟರು. ಚಳಿಯ ದೇಶದಲ್ಲಿ ಕಹಿ ಉಪ್ಪು ಕೊಟ್ಟರು. ಯಾವ ದೇಶಕ್ಕೆ ಹೋದರೂ ಹೊಟ್ಟೆ ಕಟ್ಟಿದವರು ಇದ್ದೇ ಇದ್ದರು. ಬಾಯಿಬಿಟ್ಟು ಹೇಳಲು ಅವರಿಗೆ ನಾಚಿಕೆ, ಔಷಧಿಗೆ ಮಾತ್ರ ಮುಗಿಬೀಳುತ್ತಿದ್ದರು. ತನ್ನಂಥವರು ಇಷ್ಟೊಂದು ಮಂದಿಯೇ ಎಂದು ವ್ಯಾಪಾರಿಗೆ ಸಮಾಧಾನವೂ ಆಯಿತು. ಪ್ರತಿಯೊಂದು ಔಷಧಿಯೂ ಕೆಲವು ದಿನ ನಡೆಯಿತು, ಆಮೇಲೆ ಸೋತಿತು.

ಕೊನೆಗೆ ಹೊಟ್ಟೆ ಯಾವುದಕ್ಕೂ ಓಗೊಡಲಿಲ್ಲ. ಊಟ ಸೇರದಾಯಿತು. ಮಗಳ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತು, ಒಂದು ತುತ್ತು ಬಾಯಿಗಿಡಲಾರದೆ ಎದ್ದುಬಿಟ್ಟ. ಇನ್ನು ಜೀವ ಉಳಿಯದೆಂದು ಹೆದರಿ ವೈದ್ಯನೊಬ್ಬನ ಬಳಿಗೆ ಹೋದ.

"ಪಂಡಿತರೇ, ಎಲ್ಲಕ್ಕಿಂತ ಬಲವಾದ ಔಷಧಿ ಕೊಡಿ," ಎಂದ.

ವೈದ್ಯ ಕೇಳಿದ: "ಬೆಳಿಗ್ಗೆ ಹೊಟ್ಟೆ ಕರೆಯುತ್ತದೆಯೇ?"

"ಇಲ್ಲ. ಕರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ನಿಶ್ಚಿಂತೆಯಿಂದ ಗಾದಿಯಲ್ಲಿ ಕೂರುತ್ತೇನೆ."

"ನಿಮ್ಮ ರೋಗವೇ ಅದು," ಎಂದ ವೈದ್ಯ. "ನಾಳೆಯಿಂದ ಅಂಗಡಿ ತೆರೆಯುವ ಮೊದಲೇ ಬಯಲಿಗೆ ಹೋಗಿ ಕುಳಿತುಕೊಳ್ಳಿ. ಇಷ್ಟು ವರ್ಷ ಹೊಟ್ಟೆ ನಿಮಗಾಗಿ ಕಾಯಿತು. ಇನ್ನು ಅದಕ್ಕಾಗಿ ನೀವು ಕಾಯಬೇಕು."

ಗುರುಗಳು ಕತೆ ನಿಲ್ಲಿಸಿದರು.

"ಆ ವ್ಯಾಪಾರಿಗೆ ಗುಣವಾಯಿತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಮಠಕ್ಕೆ ಬಂದ ಹೊಸತರಲ್ಲಿ ಅಕ್ಕನನ್ನು ನೆನೆದು ಅಳು ಬಂದಾಗಲೆಲ್ಲ, ನೀನು ಅದಕ್ಕೆ ಏನು ಹೇಳುತ್ತಿದ್ದೆ, ಮಗೂ?"